ಪಿಎಫ್ ಹಣ ಹೆಂಡತಿ ಮಕ್ಕಳ ಕೈ ಸೇರಲಿ, ಕೈಯಲ್ಲೇ ಉಳಿಯಲಿ: ಕುಟುಂಬ ಟ್ರಸ್ಟ್ ಮಾಡುವ ದಾರಿ

ನನ್ನ ಸೋದರಮಾವ ಗಣಿ ಕೆಲಸಕ್ಕೆ ಸೇರಿದ ದಿನ ಪಿಎಫ್ ಫಾರಂನಲ್ಲಿ ತಮ್ಮ ಅವ್ವನ ಹೆಸರು ಬರೆಸಿದ್ದರು. ಆಗಿನ್ನೂ ಮದುವೆ ಆಗಿರಲಿಲ್ಲ. ಆಮೇಲೆ ಮದುವೆಯಾಯಿತು, ಎರಡು ಮಕ್ಕಳಾದವು. ಫಾರಂ ಮಾತ್ರ ಹಾಗೇ ಉಳಿಯಿತು. ಮಾವ ತೀರಿಕೊಂಡ ಮೇಲೆ ಆ ಕಾಗದ ತೆಗೆದರೆ ಅದು ಲೆಕ್ಕಕ್ಕೇ ಬರುವುದಿಲ್ಲ ಅಂದರು. ಮದುವೆಗೆ ಮುಂಚೆ ಬರೆಸಿದ ಪಿಎಫ್ ನಾಮಿನೇಷನ್ ಮದುವೆಯಾದ ಕೂಡಲೇ ರದ್ದಾಗುತ್ತದೆ, ಅದು ನಿಯಮ. ಅಜ್ಜಿ, ಅತ್ತೆ, ಇಬ್ಬರು ಸಣ್ಣ ಮಕ್ಕಳು ಅಂತ ನಾಲ್ಕು ಪಾಲಾಯಿತು. ಹಣ ಬರುವಷ್ಟರಲ್ಲಿ ವರ್ಷದ ಮೇಲಾಗಿತ್ತು.

ನನಗೆ ಇವತ್ತಿಗೂ ನೋವಾಗುವುದು ಆ ತಡಕ್ಕಲ್ಲ. ಖಾತೆಗೆ ಹಣ ಬಿದ್ದ ವಾರದಲ್ಲೇ ಅತ್ತೆಯ ಮನೆಗೆ ಬರುವವರು ಜಾಸ್ತಿಯಾದರು. ಒಬ್ಬರಿಗೆ ಬೋರ್‌ವೆಲ್, ಇನ್ನೊಬ್ಬರಿಗೆ ಟ್ರ್ಯಾಕ್ಟರ್ ಕಂತು. "ಸುಗ್ಗಿ ಆದ ಕೂಡ್ಲೆ ಕೊಡ್ತೀವಿ ಬಿಡವ್ವಾ" ಅಂದರು. ಎಲ್ಲರೂ ಸ್ವಂತದವರೇ. ಎರಡು ವರ್ಷದಲ್ಲಿ ಪಾಸ್‌ಬುಕ್ ಖಾಲಿ. ಅತ್ತೆಗೆ ಇಲ್ಲ ಅನ್ನೋಕೆ ಬಾಯಿ ಬರುತ್ತಿರಲಿಲ್ಲ. "ನನ್ನ ಕೈಯಾಗ ಏನೂ ಇಲ್ಲ, ಇಲ್ನೋಡ್ರಿ" ಅಂತ ತೋರಿಸೋಕೆ ಒಂದು ಕಾಗದವೂ ಇರಲಿಲ್ಲ.

ಆ ಕಾಗದವೇ ಟ್ರಸ್ಟ್ ಡೀಡ್. ನಾನು ಕೊಪ್ಪಳದಲ್ಲಿ ತೆರಿಗೆ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಗಿಣಿಗೇರಾ ಕಡೆಯ ಕಾರ್ಖಾನೆಗಳಿಂದ, ತೋರಣಗಲ್ಲಿನಿಂದ, ಹಟ್ಟಿಯಿಂದ, ಶಕ್ತಿನಗರದಿಂದ ನಿವೃತ್ತಿ ಹತ್ತಿರ ಬಂದವರು ನನ್ನ ಹತ್ತಿರ ಬರುತ್ತಾರೆ. ಟ್ರಸ್ಟ್ ಅಂದರೆ ಮಠಕ್ಕೆ, ಶಾಲೆಗೆ ಇರೋದು, ದೊಡ್ಡ ಸಾಹುಕಾರರಿಗೆ ಇರೋದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇರುವುದೇ ನಮ್ಮ ನಿಮ್ಮಂಥವರ ಖಾಸಗಿ ಟ್ರಸ್ಟ್‌ಗಳಿಗೆ. ನಂಬಿಕೆಯ ಒಬ್ಬಿಬ್ಬರ ಕೈಗೆ, ಅಂದರೆ ಟ್ರಸ್ಟಿಗಳ ಕೈಗೆ, ಹಣ ಒಪ್ಪಿಸಿ, "ಇದು ನಿಮ್ಮದಲ್ಲ, ನನ್ನ ಹೆಂಡತಿ ಮಕ್ಕಳದು, ಹೀಗೆ ಹೀಗೆ ಖರ್ಚು ಮಾಡಿ" ಅಂತ ಬರೆದು ಕಟ್ಟಿಹಾಕುವುದು. ಅಷ್ಟೇ.

ಮೊದಲು: ಹಣ ಎಲ್ಲೆಲ್ಲಿದೆ, ಯಾರ ಹೆಸರಿಗಿದೆ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು), ಪಿಪಿಎಫ್ (ಬ್ಯಾಂಕ್, ಪೋಸ್ಟ್ ಆಫೀಸಿನಲ್ಲಿ ನಾವೇ ತೆರೆಯುವ ಪಿಎಫ್), ಎನ್‌ಪಿಎಸ್ (ಪೆನ್ಷನ್ ಉಳಿತಾಯ), ಎಲ್‌ಐಸಿ, ಬ್ಯಾಂಕ್ ಠೇವಣಿ, ಪೋಸ್ಟ್ ಆಫೀಸ್ ಖಾತೆ ಒಂದೊಂದನ್ನೂ ಒಂದೊಂದು ಪುಟದಲ್ಲಿ ಬರೆಯಿರಿ. ಪ್ರತಿ ಪುಟದಲ್ಲಿ ನಾಮಿನಿ ಯಾರು ಅಂತಲೂ ಬರೆಯಿರಿ. ನೆನಪಿನಿಂದ ಬರೆಯಬೇಡಿ, ಕಾಗದ ನೋಡಿ ಬರೆಯಿರಿ. "ಹೆಂಡ್ತಿ ಹೆಸರು ಹಾಕಿಸೀನ್ರಿ ಅಕ್ಕಾರ, ಗ್ಯಾರಂಟಿ" ಅಂತ ಹೇಳಿದವರ ಪಿಎಫ್ ಖಾತೆ ತೆರೆದರೆ ನಾಮಿನಿ ಜಾಗವೇ ಖಾಲಿ ಇದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಪಿಎಫ್‌ಗೆ ಯುಎಎನ್ (ಪಿಎಫ್ ಸದಸ್ಯರ ನಂಬರ್) ಹಾಕಿ ಇಪಿಎಫ್‌ಒ (ಪಿಎಫ್ ಸಂಸ್ಥೆ) ಸದಸ್ಯರ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ಮಾಡಬಹುದು. ನಾಮಿನಿಯ ಆಧಾರ್, ಫೋಟೊ ಬೇಕು. ಕೊನೆಗೆ ಆಧಾರ್ ಒಟಿಪಿ ಹಾಕಿ ಇ-ಸೈನ್ ಮಾಡಬೇಕು. ಇ-ಸೈನ್ ಮಾಡದೆ ಬಿಟ್ಟರೆ ಅರ್ಧ ಕೆಲಸ ಆದಂಗೆ, ಅದು ಲೆಕ್ಕಕ್ಕಿಲ್ಲ. ಗ್ರಾಚ್ಯುಟಿಗೆ ಬೇರೆ ಫಾರಂ ಇದೆ, ಅದು ಕಂಪನಿಯಲ್ಲೇ ಇರುತ್ತದೆ. ಪಿಎಫ್‌ಗೆ ಹಾಕಿದ ಹೆಸರು ಗ್ರಾಚ್ಯುಟಿಗೆ ತಾನಾಗಿ ಬರುವುದಿಲ್ಲ.

ಸರಿಯಾದ ನಾಮಿನೇಷನ್ ಇಲ್ಲದಿದ್ದರೆ ಪಿಎಫ್ ಹಣ ಕುಟುಂಬದವರಿಗೆ ಸಮಪಾಲು. ಆದರೆ ವಯಸ್ಸಿಗೆ ಬಂದ ಗಂಡುಮಕ್ಕಳಿಗೆ, ಗಂಡ ಬದುಕಿರುವ ಮದುವೆಯಾದ ಹೆಣ್ಣುಮಕ್ಕಳಿಗೆ ಅದರಲ್ಲಿ ಪಾಲು ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಅಣ್ಣ ತಂಗಿ ಮಾತು ಬಿಟ್ಟಿದ್ದಾರೆ.

ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನರನ್ನು ನಾಮಿನಿ ಮಾಡಬಹುದು. ಯಾರಿಗೆ ಎಷ್ಟು ಪರ್ಸೆಂಟ್ ಅಂತಲೂ ಬರೆಸಬಹುದು. ಹೆಂಡತಿ ಒಬ್ಬಳದೇ ಹೆಸರಿದ್ದು, ಅವಳೂ ನಿಮ್ಮ ಜೊತೆಗೇ ಅಪಘಾತದಲ್ಲಿ ಹೋದರೆ ಅನ್ನುವ ಮಾತು ಆಡೋಕೆ ಕಷ್ಟ. ಆದರೂ ಎರಡನೇ ಹೆಸರು ಬರೆಸಿಬಿಡಿ.

ನಾಮಿನಿ ಅಂದರೆ ಯಜಮಾನ ಅಲ್ಲ

ನಾಮಿನಿ ಹಣ ಪಡೆದುಕೊಳ್ಳುವ ವ್ಯಕ್ತಿ. ಆ ಹಣ ಅವರದೇ ಆಗಿಬಿಡಬೇಕು ಅಂತಿಲ್ಲ. ಬ್ಯಾಂಕ್ ಠೇವಣಿ, ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಷೇರುಗಳ ಬಗ್ಗೆ ತೀರ್ಪು ಬಂದದ್ದು 2023ರ ಡಿಸೆಂಬರ್‌ನಲ್ಲಿ. ವಿಲ್ ಇದ್ದರೆ ವಿಲ್ ಪ್ರಕಾರ, ಇಲ್ಲದಿದ್ದರೆ ವಾರಸುದಾರಿಕೆ ಕಾನೂನಿನ ಪ್ರಕಾರ ಪಾಲು. ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆಲ್ಲ ಸಮಪಾಲು ಬರುತ್ತದೆ. ತಂದೆಗೆ ಆ ಸಾಲಿನಲ್ಲಿ ಜಾಗ ಇಲ್ಲ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ಆದ ಮೇಲೆ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿ ಆಗಿದ್ದರೆ ಹಣದ ಮೇಲೆ ಅವರಿಗೇ ಹಕ್ಕು.

ಹಾಗಾಗಿ ನಾಮಿನೇಷನ್ ಒಂದು ಹೇಳೋದು, ವಿಲ್ ಇನ್ನೊಂದು ಹೇಳೋದು ಬೇಡ. ಎರಡನ್ನೂ ಎದುರಿಗೆ ಇಟ್ಟುಕೊಂಡು ಹೆಸರು ಹೊಂದಿಸಿ.

ನಿಮಗೆ ಟ್ರಸ್ಟ್ ಬೇಕಾ?

ಎಲ್ಲರಿಗೂ ಬೇಕಾಗಿಲ್ಲ. ಹೆಂಡತಿ ಬ್ಯಾಂಕ್ ವ್ಯವಹಾರ ಬಲ್ಲವರು, ಮಕ್ಕಳು ದುಡಿಯುತ್ತಿದ್ದಾರೆ, ಮನೆಯಲ್ಲಿ ತಕರಾರಿಲ್ಲ ಅಂದರೆ ನಾಮಿನೇಷನ್ ಮತ್ತು ಒಂದು ವಿಲ್ ಸಾಕು. ಸುಮ್ನೆ ಟ್ರಸ್ಟ್ ಮಾಡಿ ವರ್ಷ ವರ್ಷ ಲೆಕ್ಕ, ರಿಟರ್ನ್ ಅಂತ ಓಡಾಡುವುದು ಯಾಕೆ? ಮಕ್ಕಳು ಇನ್ನೂ ಸಣ್ಣವರಿದ್ದರೆ, ಎರಡನೇ ಮದುವೆಯ ಸಂಸಾರವಿದ್ದರೆ, ಮಗನಿಗೆ ಕುಡಿತದ ಅಥವಾ ಜೂಜಿನ ಚಟವಿದ್ದರೆ, ಹೆಂಡತಿ ನನ್ನ ಅತ್ತೆಯ ಹಾಗೆ ಇಲ್ಲ ಅನ್ನಲಾರದವರಾಗಿದ್ದರೆ ಯೋಚನೆ ಮಾಡಿ. ಬುದ್ಧಿಮಾಂದ್ಯ, ಆಟಿಸಂ ಇರುವ ಮಗುವಿದ್ದರೆ ಯೋಚನೆಯನ್ನೂ ಮಾಡಬೇಡಿ, ಟ್ರಸ್ಟ್ ಮಾಡಿಬಿಡಿ.

ಎರಡು ವರ್ಷದ ಹಿಂದೆ ಒಬ್ಬ ಫಿಟ್ಟರ್ ಬಂದಿದ್ದರು, ಹೆಂಡತಿಯ ಜೊತೆ. ಜೊತೆಗೆ 22 ವರ್ಷದ ಮಗ. ಹುಡುಗನಿಗೆ ಮಾತು ಕಡಿಮೆ. ನನ್ನ ಮೇಜಿನ ಮೇಲಿದ್ದ ರಬ್ಬರ್ ಸ್ಟ್ಯಾಂಪು ತೆಗೆದುಕೊಂಡು ಹಳೇ ಕಾಗದದ ಮೇಲೆ ಒತ್ತುತ್ತಾ ಕೂತಿದ್ದ, ಬಹಳ ಖುಷಿಯಿಂದ. ಮಗಳನ್ನು ಗಂಗಾವತಿಗೆ ಕೊಟ್ಟಿದ್ದರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ನಾವಿಬ್ರೂ ಹೋದ ಮ್ಯಾಲೆ ಇವನ್ನ ಯಾರು ನೋಡ್ತಾರ್ರಿ ಅಕ್ಕಾರ? ಮಗಳು ನೋಡ್ತಾಳ, ಆದ್ರ ಆಕಿ ಸಂಸಾರ ಆಕಿಗೆ ಐತಿ." ಮುಂದಿನ ಮಾತುಗಳನ್ನು ಇವರ ಲೆಕ್ಕ ಹಿಡಿದೇ ಹೇಳುತ್ತೇನೆ.

ಪಿಎಫ್‌ನಿಂದ ನೇರ ಟ್ರಸ್ಟ್‌ಗೆ ಹೋಗುವುದಿಲ್ಲ

ಇಲ್ಲಿ ಬಹಳ ಜನ ಎಡವುತ್ತಾರೆ. ಕುಟುಂಬ ಇರುವವರು ಪಿಎಫ್‌ಗೆ ಕುಟುಂಬದವರನ್ನೇ ನಾಮಿನಿ ಮಾಡಬೇಕು. ಟ್ರಸ್ಟ್ ಹೆಸರು ಬರೆಸಲು ಆಗುವುದಿಲ್ಲ. ಪಿಪಿಎಫ್ ಖಾತೆ, ಹಿರಿಯ ನಾಗರಿಕರ ಉಳಿತಾಯ ಯೋಜನೆ ಇವನ್ನೂ ಟ್ರಸ್ಟ್ ಹೆಸರಲ್ಲಿ ತೆರೆಯಲು ಬರುವುದಿಲ್ಲ. ಹಾಗಾದರೆ ದಾರಿ ಮೂರು.

ಒಂದು, ನಿವೃತ್ತಿಯಾಗಿ ಹಣ ನಿಮ್ಮ ಖಾತೆಗೆ ಬಂದ ಮೇಲೆ, ನೀವು ಬದುಕಿರುವಾಗಲೇ ಒಂದು ಭಾಗವನ್ನು ಟ್ರಸ್ಟ್‌ಗೆ ವರ್ಗ ಮಾಡುವುದು. ಎರಡು, ವಿಲ್‌ನಲ್ಲೇ ಟ್ರಸ್ಟ್ ಬರೆದಿಡುವುದು. ಅದು ನಿಮ್ಮ ಕಾಲವಾದ ಮೇಲೆ ಜೀವ ಪಡೆಯುತ್ತದೆ. ಅಲ್ಲಿಯವರೆಗೆ ಬೇಕಾದಾಗ ಬದಲಿಸಬಹುದು. ಮೂರನೆಯದು ಎಲ್ಲಕ್ಕಿಂತ ಸುಲಭ, ಆದರೆ ವಯಸ್ಸಿರುವಾಗಲೇ ಮಾಡಬೇಕು: 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ ಜೀವವಿಮೆ. ಪಾಲಿಸಿ ತೆಗೆದುಕೊಳ್ಳುವಾಗ ಆ ಕಾಯ್ದೆಯ ಫಾರಂ ತುಂಬಿ ಹೆಂಡತಿ ಮಕ್ಕಳ ಹೆಸರು ಬರೆದರೆ ಸಾಕು, ಪಾಲಿಸಿ ತಾನಾಗಿ ಟ್ರಸ್ಟ್ ಆಗುತ್ತದೆ. ಬೇರೆ ಡೀಡ್ ಬೇಡ, ನೋಂದಣಿ ಬೇಡ. ನಿಮಗೆ ಸಾಲ ಕೊಟ್ಟವರು ಆ ಹಣ ಮುಟ್ಟುವಂತಿಲ್ಲ. ಆದರೆ ಹಳೇ ಪಾಲಿಸಿಗೆ ಆಮೇಲೆ ಸೇರಿಸಲು ಬರುವುದಿಲ್ಲ. ಒಂದು ಸಲ ಬರೆದ ಮೇಲೆ ಪಾಲಿಸಿ ನಿಮ್ಮದಲ್ಲ, ಅವರದು. ಸಾಲ ಮಾಡಿ ಅಂಗಡಿಯನ್ನೋ ರೈಸ್ ಮಿಲ್ಲನ್ನೋ ನಡೆಸುವವರು ಟರ್ಮ್ ಪಾಲಿಸಿ (ತೀರಿಕೊಂಡರೆ ಮಾತ್ರ ಹಣ ಬರುವ ವಿಮೆ) ಮಾಡಿಸುವಾಗ ಏಜೆಂಟರಿಗೆ ಇದನ್ನು ಕೇಳಲೇಬೇಕು. ಅವರಾಗಿ ಹೇಳುವವರು ಕಡಿಮೆ.

ಮುಸ್ಲಿಂ ಓದುಗರಿಗೆ ಒಂದು ಮಾತು. ಷರಿಯತ್ ಪ್ರಕಾರ ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಮಾಡಲು ಬರುವುದಿಲ್ಲ. ಹಾಗಾಗಿ ವಿಲ್ ದಾರಿ ಹಿಡಿಯುವ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಮಾತಾಡಿ, ಬಲ್ಲ ವಕೀಲರನ್ನು ಕೇಳಿ.

ಎಷ್ಟು ಹಣ ಟ್ರಸ್ಟ್‌ಗೆ?

ಎಲ್ಲವನ್ನೂ ಹಾಕಬೇಡಿ. ಫಿಟ್ಟರ್ ಅಣ್ಣನಿಗೆ 58ಕ್ಕೆ ಪಿಎಫ್, ಗ್ರಾಚ್ಯುಟಿ ಸೇರಿ 27 ಲಕ್ಷ ಬಂತು. ಮೊದಲು 12 ಲಕ್ಷವನ್ನು ಪೋಸ್ಟ್ ಆಫೀಸಿನಲ್ಲಿ ಹಿರಿಯ ನಾಗರಿಕರ ಯೋಜನೆಗೆ ಹಾಕಿಸಿದೆ. 60 ತುಂಬದಿದ್ದರೂ 55 ದಾಟಿ ನಿವೃತ್ತರಾದವರು ಹಣ ಕೈಗೆ ಬಂದ ಮೂರು ತಿಂಗಳೊಳಗೆ ಹಾಕಬಹುದು. ಬಡ್ಡಿ ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 24,600 ರೂಪಾಯಿ. ಹೆಂಡತಿಯನ್ನು ಜಂಟಿ ಖಾತೆದಾರರನ್ನಾಗಿ ಮಾಡಿಸಿದೆವು, ಗಂಡನ ಕಾಲದ ನಂತರವೂ ಆಕೆ ಖಾತೆ ಮುಂದುವರಿಸಲು. 3 ಲಕ್ಷ ಕೈಗೆ ಸಿಗುವ ಹಾಗೆ ಬ್ಯಾಂಕಿನಲ್ಲಿ ಇಟ್ಟರು. ಉಳಿದ 12 ಲಕ್ಷ ಮಗನ ಟ್ರಸ್ಟ್‌ಗೆ.

ಪೆನ್ಷನ್ ಬೇರೆ ಲೆಕ್ಕ. ಇಪಿಎಸ್ ಪೆನ್ಷನ್, ಅಂದರೆ ಪಿಎಫ್ ಜೊತೆಗೇ ಬರುವ ತಿಂಗಳ ಪೆನ್ಷನ್, ಟ್ರಸ್ಟ್‌ಗೂ ಬರುವುದಿಲ್ಲ, ವಿಲ್‌ಗೂ ಬರುವುದಿಲ್ಲ. ನಿವೃತ್ತಿಯಾದ ಗಂಡ ತೀರಿಕೊಂಡರೆ ಅವರ ಪೆನ್ಷನ್‌ನ ಅರ್ಧ ಹೆಂಡತಿಗೆ. ಅದರ ಮೇಲೆ 25 ವರ್ಷದವರೆಗೆ ಇಬ್ಬರು ಮಕ್ಕಳಿಗೆ ಮಕ್ಕಳ ಪೆನ್ಷನ್. ಪೂರ್ತಿ, ಶಾಶ್ವತ ಅಂಗವೈಕಲ್ಯ ಇರುವ ಮಗುವಿಗೆ ಈ ವಯಸ್ಸಿನ ಮಿತಿ ಇಲ್ಲ. ಆದ್ದರಿಂದ ಅಂಗವೈಕಲ್ಯದ ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಈಗಲೇ ಮಾಡಿಸಿಟ್ಟುಕೊಳ್ಳಿ. ತಂದೆ ಹೋದ ಮೇಲೆ ಆ ಹುಡುಗನನ್ನು ಕರೆದುಕೊಂಡು ಜಿಲ್ಲಾಸ್ಪತ್ರೆಯಲ್ಲಿ ಸರದಿ ನಿಲ್ಲುವ ಕಷ್ಟ ಆ ತಾಯಿಗೆ ಬೇಡ.

ಡೀಡ್ ಬರೆಸುವಾಗ

ಇಲ್ಲಿ ಅವಸರ ಬೇಡ. ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಡೀಡ್‌ಗಳು ಸಾಮಾನ್ಯವಾಗಿ ಶಾಲೆ, ಸೇವಾ ಟ್ರಸ್ಟ್‌ಗಳಿಗೆ ಬರೆದವು. ಅವುಗಳಲ್ಲಿ ಹೆಸರು ಬದಲಿಸಿದರೆ ಕುಟುಂಬ ಟ್ರಸ್ಟ್ ಆಗುವುದಿಲ್ಲ. ಸಿವಿಲ್ ವಕೀಲರಿಂದಲೇ ಬರೆಸಿ, ಕನ್ನಡದಲ್ಲಿ ಬರೆಸಿ. ನಿಮ್ಮ ಹೆಂಡತಿಗೆ ಓದಿದರೆ ತಿಳಿಯಬೇಕು.

ಐದು ಸಂಗತಿ ಸ್ಪಷ್ಟ ಇರಲೇಬೇಕು: ಟ್ರಸ್ಟ್ ಮಾಡುತ್ತಿದ್ದೇನೆ ಅನ್ನುವ ಮಾತು, ಯಾಕೆ, ಯಾರಿಗಾಗಿ, ಯಾವ ಹಣ, ಮತ್ತು ಆ ಹಣವನ್ನು ಟ್ರಸ್ಟಿಗಳಿಗೆ ಒಪ್ಪಿಸಿದ್ದು. ಕೊನೆಯದನ್ನು ಮರೆಯುವವರೇ ಜಾಸ್ತಿ. ಡೀಡ್ ಬರೆದು ಹಣ ವರ್ಗ ಮಾಡದಿದ್ದರೆ ಟ್ರಸ್ಟ್ ಹುಟ್ಟುವುದೇ ಇಲ್ಲ. ಹಣವನ್ನು ಎಲ್ಲಿ ಹೂಡಬಹುದು ಅಂತಲೂ ಬರೆಸಿ. ಬ್ಯಾಂಕ್ ಠೇವಣಿ, ಸರ್ಕಾರಿ ಬಾಂಡ್, ಬೇಕಾದರೆ ಮ್ಯೂಚುವಲ್ ಫಂಡ್ ಅಂತ ಹೆಸರಿಸಿ. ಬರೆಯದಿದ್ದರೆ ಕಾಯ್ದೆ ಹೇಳಿದ ಕೆಲವೇ ಜಾಗಗಳಲ್ಲಿ ಮಾತ್ರ ಟ್ರಸ್ಟಿಗಳು ಹೂಡಬಹುದು.

ಫಿಟ್ಟರ್ ಅಣ್ಣನ ಡೀಡ್‌ನಲ್ಲಿ ಹಣ ಕೊಡುವ ಕಲಮು ಹೀಗಿತ್ತು: "ಟ್ರಸ್ಟಿಗಳು ಬಡ್ಡಿ ಹಣದಿಂದ ಪ್ರತಿ ತಿಂಗಳು ನನ್ನ ಮಗನ ಊಟ, ಬಟ್ಟೆ, ಔಷಧದ ಖರ್ಚನ್ನು ಅವನನ್ನು ನೋಡಿಕೊಳ್ಳುವವರಿಗೆ ಕೊಡತಕ್ಕದ್ದು. ಆಸ್ಪತ್ರೆಯ ಖರ್ಚಿಗೆ ಹೊರತು ಅಸಲು ಮುಟ್ಟತಕ್ಕದ್ದಲ್ಲ. ಯಾರಿಗೂ ಸಾಲ ಕೊಡತಕ್ಕದ್ದಲ್ಲ." ಓದಿ ಹೇಳಿದೆ. ಅವ್ವ ಸುಮ್ಮನೆ ಕೇಳಿಸಿಕೊಂಡು, ಇನ್ನೊಂದು ಬರೀರಿ ಅಂದರು. ಪ್ರತಿ ವರ್ಷ ಗವಿಮಠದ ಜಾತ್ರೆಗೆ ಅವನಿಗೆ ಹೊಸ ಅಂಗಿ ಕೊಡಿಸಬೇಕು, ತೇರು ತೋರಿಸಿಕೊಂಡು ಬರಬೇಕು. ವಕೀಲರು ಒಂದು ಕ್ಷಣ ಪೆನ್ನು ಹಿಡಿದು ಕೂತರು. ಆಮೇಲೆ ಬರೆದರು. ಇಂಥ ಮಾತು ಡೀಡ್‌ನಲ್ಲಿ ಬರೆಸಲು ನಾಚಿಕೆ ಪಡಬೇಡಿ. ಹುಡುಗನಿಗೆ ಏನು ಇಷ್ಟ ಅಂತ ಮುಂದೆ ಬರುವ ಟ್ರಸ್ಟಿಗೆ ಬೇರೆ ಯಾರು ಹೇಳುತ್ತಾರೆ?

ಟ್ರಸ್ಟ್ ಯಾವಾಗ ಮುಗಿಯುತ್ತದೆ, ಉಳಿದ ಹಣ ಯಾರಿಗೆ ಅನ್ನುವುದೂ ಇರಲಿ. ಸಣ್ಣ ಮಕ್ಕಳಾದರೆ 25 ತುಂಬಿದ ಮೇಲೆ ಅಂತ ಬರೆಸಬಹುದು. 18ಕ್ಕೇ ಕೈಗೆ ಕೊಡಬೇಡಿ ಅನ್ನುವುದು ನನ್ನ ಅನುಭವದ ಮಾತು. ಖಾಸಗಿ ಟ್ರಸ್ಟ್ ತಲೆತಲಾಂತರ ನಡೆಯಲು ಕಾನೂನು ಬಿಡುವುದಿಲ್ಲ. ಹಾಗೆಯೇ, ರದ್ದು ಮಾಡುವ ಅಧಿಕಾರವನ್ನು ನೀವು ಡೀಡ್‌ನಲ್ಲಿ ಇಟ್ಟುಕೊಳ್ಳದಿದ್ದರೆ ಆಮೇಲೆ ಮನಸ್ಸು ಬದಲಾದರೂ ಒಬ್ಬರೇ ರದ್ದು ಮಾಡಲು ಆಗುವುದಿಲ್ಲ.

ಟ್ರಸ್ಟಿ ಯಾರು

ಕನಿಷ್ಠ ಇಬ್ಬರು ಇರಲಿ. ನಿಮ್ಮ ಕಡೆಯವರು ಒಬ್ಬರು, ಹೆಂಡತಿಯ ಕಡೆಯವರು ಒಬ್ಬರು ಇದ್ದರೆ ಒಳ್ಳೆಯದು. ಮೂರನೆಯವರಾಗಿ ನಿವೃತ್ತ ಮೇಷ್ಟ್ರೋ ಬ್ಯಾಂಕಿನಲ್ಲಿದ್ದವರೋ ಸಿಕ್ಕರೆ ಇನ್ನೂ ಒಳ್ಳೆಯದು. ಉಳಿದ ಹಣ ಕೊನೆಗೆ ಯಾರಿಗೆ ಹೋಗುತ್ತದೋ ಅವರೊಬ್ಬರನ್ನೇ ಟ್ರಸ್ಟಿ ಮಾಡಬೇಡಿ. ಖರ್ಚು ಕಡಿಮೆಯಾದಷ್ಟು ಅವರಿಗೆ ಲಾಭ ಅಲ್ವಾ? ಒಬ್ಬ ಟ್ರಸ್ಟಿ ತೀರಿಕೊಂಡರೆ ಮುಂದೆ ಯಾರು ಅಂತ ಹೆಸರು ಬರೆದಿಡಿ.

ಅವರಿಗೂ ಮೊದಲೇ ತಿಳಿಸಿ ಹೇಳಿ. ಒಪ್ಪಿಕೊಂಡ ಮೇಲೆ ಸುಮ್ನೆ ಬಿಟ್ಟು ಹೋಗಲು ಬರುವುದಿಲ್ಲ. ಲೆಕ್ಕ ಇಡಬೇಕು, ಕೇಳಿದಾಗ ತೋರಿಸಬೇಕು. ಡೀಡ್‌ನಲ್ಲಿ ಬರೆಯದಿದ್ದರೆ ಸಂಬಳವೂ ಇಲ್ಲ. ವರ್ಷಕ್ಕೆ ಒಂದಿಷ್ಟು ಓಡಾಟದ ಖರ್ಚು ಕೊಡುವ ಮಾತು ಸೇರಿಸಿ, ಅದು ನ್ಯಾಯ.

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುಅಂಗವೈಕಲ್ಯ ಇರುವವರಿಗೆ 18 ದಾಟಿದ ಮೇಲೆ ಕಾನೂನಿನ ಪೋಷಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ. ಈ ಕಾನೂನಿನ ಪೋಷಕರು ಮಗನನ್ನು ನೋಡಿಕೊಳ್ಳುತ್ತಾರೆ, ಟ್ರಸ್ಟಿ ಹಣ ನೋಡಿಕೊಳ್ಳುತ್ತಾರೆ. ಇಬ್ಬರೂ ಬೇರೆ ಬೇರೆ ಇದ್ದರೆ ಒಬ್ಬರ ಮೇಲೆ ಒಬ್ಬರ ಕಣ್ಣಿರುತ್ತದೆ.

ನೋಂದಣಿ, ಪ್ಯಾನ್, ಖಾತೆ

ಬರೀ ಹಣದ ಟ್ರಸ್ಟ್‌ಗೆ ನೋಂದಣಿ ಕಡ್ಡಾಯ ಅಲ್ಲ. ಮನೆ, ಸೈಟು ಸೇರಿಸಿದರೆ ಕಡ್ಡಾಯ. ಆದರೂ ಛಾಪಾ ಕಾಗದದ ಮೇಲೆ ಬರೆಸಿ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿ. ನಾಳೆ ಯಾರೂ ಇದು ಸುಳ್ಳು ಕಾಗದ ಅನ್ನಬಾರದು. ಹೊಲವನ್ನು ಇದರಲ್ಲಿ ಬೆರೆಸಬೇಡಿ. ಪಹಣಿ, ಪೌತಿ ಖಾತೆಯ ದಾರಿಯೇ ಬೇರೆ. ಆಮೇಲೆ ಟ್ರಸ್ಟ್ ಹೆಸರಲ್ಲಿ ಪ್ಯಾನ್ ಮಾಡಿಸಿ, ಟ್ರಸ್ಟ್ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆದು, ಇಬ್ಬರು ಟ್ರಸ್ಟಿಗಳು ಸಹಿ ಹಾಕಿದರೆ ಮಾತ್ರ ಹಣ ತೆಗೆಯುವ ಹಾಗೆ ಬರೆಸಿ. ನಿಮ್ಮ ಖಾತೆಯಿಂದ ಚೆಕ್‌ನಲ್ಲೋ ಆನ್‌ಲೈನ್‌ನಲ್ಲೋ ವರ್ಗ ಮಾಡಿ, ನಗದು ಬೇಡ.

ವಿಲ್ ದಾರಿ ಹಿಡಿದವರಿಗೆ ಛಾಪಾ ಕಾಗದವೂ ಬೇಡ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೂ ನಡೆಯುತ್ತದೆ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಿರಲಿ, ಪಾಲು ಪಡೆಯುವವರು ಬೇಡ. ನೋಂದಣಿ ಮಾಡಿಸಿದರೆ ಗಟ್ಟಿ.

ತೆರಿಗೆ

ತೆರಿಗೆ ಉಳಿಸಲು ಟ್ರಸ್ಟ್ ಮಾಡಬೇಡಿ, ಉಳಿಯುವುದಿಲ್ಲ. ಹೆಂಡತಿಗಾಗಿ ಹಣ ಇಟ್ಟರೆ ನೀವು ಬದುಕಿರುವವರೆಗೆ ಅದರ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ. ರದ್ದು ಮಾಡಬಹುದಾದ ಟ್ರಸ್ಟ್ ಆದರೂ ಹಾಗೆಯೇ. ಮುಖ್ಯವಾಗಿ, ಯಾರಿಗೆ ಎಷ್ಟು ಪಾಲು ಅಂತ ಡೀಡ್‌ನಲ್ಲಿ ಬರೆದಿರಬೇಕು. ಹಾಗೆ ಬರೆದರೆ ಅವರವರ ಆದಾಯದ ಮಟ್ಟಕ್ಕೆ ತಕ್ಕ ತೆರಿಗೆ. "ಟ್ರಸ್ಟಿಗಳಿಗೆ ಸರಿ ಕಂಡಷ್ಟು" ಅಂತ ಬಿಟ್ಟರೆ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ದರ ಬೀಳುತ್ತದೆ. ಅವಲಂಬಿತ ಸಂಬಂಧಿಕರಿಗಾಗಿ ವಿಲ್ ಮೂಲಕ ಮಾಡಿದ ಒಂದೇ ಒಂದು ಟ್ರಸ್ಟ್‌ಗೆ ಇದರಿಂದ ವಿನಾಯಿತಿ ಇದೆ. 12 ಲಕ್ಷದ ಬಡ್ಡಿಗೆ, ಯಾರಿಗೆ ಎಷ್ಟು ಪಾಲು ಅನ್ನುವ ಈ ಒಂದು ಸಾಲು ವರ್ಷಕ್ಕೆ ಸಾವಿರಾರು ರೂಪಾಯಿಯ ವ್ಯತ್ಯಾಸ ಮಾಡುತ್ತದೆ.

ಸಾಲ ತಲೆ ಮೇಲೆ ಬಂದ ಮೇಲೆ ಅದನ್ನು ತಪ್ಪಿಸಿಕೊಳ್ಳಲು ಟ್ರಸ್ಟ್ ಮಾಡಿದರೆ ಕೋರ್ಟ್ ಅದನ್ನು ತಳ್ಳಿಹಾಕಬಹುದು. ಕೈ ಸ್ವಚ್ಛ ಇರುವಾಗಲೇ ಮಾಡಬೇಕು.

ಮನೆಯವರಿಗೆ ಹೇಳಿ

ಡೀಡ್‌ನ ಒಂದು ಪ್ರತಿ ಮನೆಯ ಟ್ರಂಕಿನಲ್ಲಿ, ಒಂದು ಪ್ರತಿ ಟ್ರಸ್ಟಿಗಳ ಹತ್ತಿರ. ಜೊತೆಗೆ ಆ ನೋಟ್‌ಬುಕ್. ಒಂದು ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಒಂದೊಂದೇ ಪುಟ ತೆರೆದು ತೋರಿಸಿ. ಬ್ಯಾಂಕಿಗೂ ಒಂದು ಸಲ ಕರೆದುಕೊಂಡು ಹೋಗಿ, ಮ್ಯಾನೇಜರ್ ಮುಖ ಪರಿಚಯ ಆಗಲಿ. ಮರಣ ಪ್ರಮಾಣಪತ್ರದ ಐದಾರು ಪ್ರತಿ ಬೇಕಾಗುತ್ತದೆ, ವಂಶವೃಕ್ಷಕ್ಕೆ ನಾಡಕಚೇರಿಗೆ ಅರ್ಜಿ ಕೊಡಬೇಕಾಗುತ್ತದೆ ಅಂತ ಕೊನೆಯ ಪುಟದಲ್ಲಿ ಬರೆದಿಡಿ.

ಮಕ್ಕಳ ಮದುವೆಯಾದಾಗ, ಮೊಮ್ಮಗು ಹುಟ್ಟಿದಾಗ, ಟ್ರಸ್ಟಿ ಊರು ಬಿಟ್ಟಾಗ ನೋಟ್‌ಬುಕ್ ಮತ್ತೆ ತೆಗೆಯಿರಿ. ಏನೂ ಆಗದಿದ್ದರೂ ವರ್ಷಕ್ಕೊಮ್ಮೆ ತೆಗೆಯಿರಿ. ಫಿಟ್ಟರ್ ಅಣ್ಣನ ಮನೆಯಲ್ಲಿ ಜಾತ್ರೆಯ ವಾರಕ್ಕೆ ಗೊತ್ತು ಮಾಡಿದ್ದಾರೆ. ಮಗಳು ಗಂಗಾವತಿಯಿಂದ ಬಂದಿರುತ್ತಾಳೆ, ಟ್ರಸ್ಟಿಗಳೂ ತೇರಿಗೆ ಬಂದಿರುತ್ತಾರೆ. ಊಟ ಆದ ಮೇಲೆ ಪಾಸ್‌ಬುಕ್ ತೆರೆದು ಲೆಕ್ಕ ಓದುತ್ತಾರೆ. ಹುಡುಗ ಹೊಸ ಅಂಗಿ ಹಾಕಿಕೊಂಡು ಅಲ್ಲೇ ಕೂತಿರುತ್ತಾನೆ.